ಆ ಕೋಣೆಯ ಜಗ್ ಈ ಕೋಣೆಗೆ ಬರುವುದಿಲ್ಲ

ಹಡಗಿನಿಂದ ಇಳಿದು ಅರಸೀಕೆರೆಯ ಮನೆಗೆ ಬಂದ ದಿನ, ಬ್ಯಾಗು ಬಿಚ್ಚುವ ಮೊದಲೇ ನನ್ನ ಕೆಲಸದ ವರದಿಯಲ್ಲಿದ್ದ ಮಾತನ್ನು ಅಮ್ಮನಿಗೆ ಹೇಳಿಬಿಟ್ಟೆ. ಆಮೇಲೆ ಹೇಳೋಣ ಎಂದು ಮುಂದೂಡಿದರೆ ಅದು ಗುಟ್ಟಾಗುತ್ತದೆ. ಗುಟ್ಟು ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಚೀಫ್ ಇಂಜಿನಿಯರ್ ಬರೆದಿದ್ದು ಇಷ್ಟೇ: ಕೆಲಸ ಚೆನ್ನಾಗಿ ಬಲ್ಲಳು, ಹೇಳಿದ ಮಾತು ಕೇಳುವುದಿಲ್ಲ.

ಅಮ್ಮ ಪ್ರೈಮರಿ ಶಾಲೆಯ ಟೀಚರು. ಮಕ್ಕಳ ಪ್ರಗತಿ ಪತ್ರದಲ್ಲಿ ಇಂಥ ಮಾತುಗಳನ್ನು ಬರೆದು ಬರೆದು ಕೈ ಪಳಗಿದವರು.

“ಇದನ್ನ ಬರಿಯಕ್ಕೆ ಅಷ್ಟು ದೂರದ ಹಡಗಿನೋರೇ ಬೇಕಿತ್ತೇನೇ?” ಅಂದರು. “ನನ್ನ ಕೇಳಿದ್ರೆ ಬಿಟ್ಟಿ ಬರ್ಕೊಡ್ತಿದ್ದೆ.”

ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ, “ಮತ್ತೆ ಕರೀತಾರಾ?” ಎಂದು ಕೇಳಿದರು.

ಅದೇ ಪ್ರಶ್ನೆ. ನಮ್ಮ ಕೆಲಸದಲ್ಲಿ ಪ್ರತಿ ಪ್ರಯಾಣಕ್ಕೂ ಬೇರೆ ಒಪ್ಪಂದ. ಕೆಲವು ತಿಂಗಳು ಹಡಗು, ಆಮೇಲೆ ರಜೆ. ರಜೆ ಮುಗಿಯುವ ಹೊತ್ತಿಗೆ ಕಂಪನಿ ಫೋನು ಮಾಡುತ್ತದೆ, ಇಲ್ಲವೇ ಮಾಡುವುದಿಲ್ಲ. ಮಾಡದಿದ್ದರೆ ಯಾರೂ ನಿಮ್ಮನ್ನು ತೆಗೆದುಹಾಕಿದ ಹಾಗೆ ಆಗುವುದಿಲ್ಲ. ಫೋನು ಸುಮ್ಮನಿರುತ್ತದೆ, ಅಷ್ಟೆ. ಅದು ನನ್ನ ಮೊದಲ ಪ್ರಯಾಣ. ಮೊದಲ ವರದಿಯಲ್ಲೇ ಹೀಗೆ ಬರೆಸಿಕೊಂಡವಳಿಗೆ ಎರಡನೆಯದು ಸಿಗುವುದು ಕಷ್ಟ ಎಂದು ನನಗೂ ಗೊತ್ತಿತ್ತು. ನನಗೆ ಆ ಕೆಲಸ ಬೇಕಾಗಿತ್ತು. ಹಾಸನದಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದುವಾಗಿನಿಂದ ಬೇಕಾಗಿತ್ತು. ಬೇಕು ಎನ್ನುವುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆಯನ್ನು ನಾನು ಯಾರಿಗೂ ಕೊಟ್ಟಿಲ್ಲ, ಇಲ್ಲೂ ಕೊಡುವುದಿಲ್ಲ.

ನಾನು ಹಡಗಿನ ಎಲೆಕ್ಟ್ರಿಕಲ್ ಆಫೀಸರ್. ವಿದ್ಯುತ್ತಿಗೆ ಸಂಬಂಧಿಸಿದ್ದೆಲ್ಲ ನನ್ನ ಪಾಲಿಗೆ. ಮೋಟರು, ಕ್ರೇನು, ಅಡುಗೆಯವನ ಒಲೆ, ಕ್ಯಾಪ್ಟನ್ನರ ಟೇಬಲ್ ದೀಪ, ಎಲ್ಲವೂ. ಆದರೆ ನನಗೆ ಹತ್ತಿರವಾಗಿದ್ದು ಬ್ಯಾಟರಿಗಳು. ನಡುಸಮುದ್ರದಲ್ಲಿ ಹಡಗಿನ ಜನರೇಟರುಗಳೆಲ್ಲ ಒಮ್ಮೆಗೆ ನಿಂತರೆ, ತುರ್ತು ಜನರೇಟರು ಚಾಲೂ ಆಗುವತನಕ ಓಣಿಗಳಲ್ಲಿ, ಮೆಟ್ಟಿಲುಗಳಲ್ಲಿ, ಜೀವರಕ್ಷಕ ದೋಣಿಯ ಬಳಿ ದೀಪ ಉರಿಸುವುದು ಅವೇ. ಉಳಿದ ದಿನಗಳಲ್ಲಿ ಅವುಗಳಿಗೆ ಕೆಲಸವಿಲ್ಲ. ಚಾರ್ಜರಿಗೆ ಕೂತು ಹೊಟ್ಟೆ ತುಂಬಿಸಿಕೊಂಡಿರುತ್ತವೆ. ಅದಕ್ಕೇ ಅವನ್ನು ನಂಬುವುದು ಕಷ್ಟ. ಚಾರ್ಜರು ಜೊತೆಗಿರುವಷ್ಟು ಹೊತ್ತು ಸತ್ತ ಬ್ಯಾಟರಿಯೂ ಮೀಟರಿನಲ್ಲಿ ಜೀವಂತವಾಗಿಯೇ ಕಾಣುತ್ತದೆ.

ನಮ್ಮದು ಹಳೆಯ ಸರಕು ಹಡಗು. ಅದರಲ್ಲಿ ಎರಡು ಬ್ಯಾಟರಿ ಕೋಣೆಗಳಿದ್ದವು. ಒಂದರಲ್ಲಿ ನಮ್ಮೂರಿನ ಯುಪಿಎಸ್, ಟ್ರ್ಯಾಕ್ಟರುಗಳಲ್ಲಿ ಇರುವಂಥ ಆಸಿಡ್ ಬ್ಯಾಟರಿಗಳು, ರೇಡಿಯೋಗೆಂದು. ಇನ್ನೊಂದರಲ್ಲಿ ತುರ್ತು ದೀಪಗಳ ಬ್ಯಾಟರಿಗಳು. ಅವುಗಳ ಒಳಗಿರುವುದು ಆಸಿಡ್ ಅಲ್ಲ, ಅದಕ್ಕೆ ನೇರ ವಿರುದ್ಧವಾದ ಕ್ಷಾರ, ಸುಣ್ಣದ ನೀರಿನ ಜಾತಿಯದು, ಅದಕ್ಕಿಂತ ಬಹಳ ಉಗ್ರ. ಈ ಎರಡು ಕೋಣೆಗಳ ನಡುವೆ ಕೊಡುಕೊಳ್ಳುವಿಕೆ ಇಲ್ಲ. ಕ್ಷಾರದ ಬ್ಯಾಟರಿಯೊಳಕ್ಕೆ ಒಂದಿಷ್ಟು ಆಸಿಡ್ ಹೋದರೂ ಅದು ಕೆಡುತ್ತದೆ. ಅದಕ್ಕಾಗಿ ಪ್ರತಿ ಕೋಣೆಗೂ ಬೇರೆ ಜಗ್, ಬೇರೆ ಲಾಳಿಕೆ, ಬೇರೆ ಕೈಗವಸು, ಒರೆಸುವ ಬಟ್ಟೆಯೂ ಬೇರೆ.

ಮೊದಲ ದಿನ ಇದನ್ನು ಓದಿದಾಗ ನನಗೆ ಬೇಲೂರಿನ ದೊಡ್ಡಮ್ಮನ ಅಡುಗೆಮನೆ ನೆನಪಾಯಿತು. ಅದು ನನಗೆ ಇಷ್ಟವಾದ ನೆನಪಲ್ಲ.

ದೊಡ್ಡಮ್ಮ ಅಮ್ಮನ ಅಕ್ಕ. ದೊಡ್ಡಪ್ಪನ ಮನೆಯವರು ತಲೆಮಾರುಗಳಿಂದ ದೇವಸ್ಥಾನದ ಸೇವೆಯಲ್ಲಿದ್ದವರು. ಆ ಮನೆಯಲ್ಲಿ ಮಡಿಯ ಪಾತ್ರೆ ಬೇರೆ, ಮೈಲಿಗೆಯ ಪಾತ್ರೆ ಬೇರೆ, ನೀರಿನ ಕೊಡ ಬೇರೆ, ಅದರೊಳಗೆ ಅದ್ದುವ ಚೊಂಬೂ ಬೇರೆ. ಬೇಸಿಗೆ ರಜೆಗೆ ಹೋದಾಗ ನನಗೆ ಮುಟ್ಟಾದರೆ ಹಿತ್ತಲ ಜಗುಲಿಯೇ ಗತಿ. ಒಂದು ಚಾಪೆ, ಒಂದು ತಟ್ಟೆ, ಒಂದು ಲೋಟ. ಊಟವನ್ನು ಮೇಲಿನಿಂದ ಬಡಿಸುತ್ತಿದ್ದರು. ದೊಡ್ಡಮ್ಮ ಕೆಟ್ಟವರಲ್ಲ. ಬಡಿಸುವಾಗ ನನಗೆಂದೇ ತುಪ್ಪ ಒಂದು ಚಮಚ ಹೆಚ್ಚು ಹಾಕುತ್ತಿದ್ದರು. ಮೇಲಿನಿಂದ.

ಹೈಸ್ಕೂಲಿನ ಕಾಲದ ಒಂದು ಬೇಸಿಗೆಯಲ್ಲಿ, ಅಂಥದೇ ದಿನ, ನಾನು ಎಲ್ಲರೂ ನೋಡುತ್ತಿರುವಂತೆ ಎದ್ದು ಹೋಗಿ ಆ ವರ್ಷದ ಮಾವಿನಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಎರಡೂ ಕೈಯಲ್ಲಿ ಮುಟ್ಟಿದೆ. ಮುಟ್ಟಿದರೆ ಹುಳ ಬೀಳುತ್ತದೆ ಎಂದಿದ್ದರು. ಬೀಳಲಿ, ನೋಡೋಣ ಎಂದೆ. ನೋಡುವ ಅವಕಾಶ ಸಿಗಲಿಲ್ಲ. ದೊಡ್ಡಮ್ಮ ಇಡೀ ಜಾಡಿಯನ್ನು ಹಾಲು ಹಾಕುವವನಿಗೆ ಕೊಟ್ಟುಬಿಟ್ಟರು. ಹಳೇಬೀಡಿನ ಕಡೆಯಿಂದ ಸೈಕಲ್ಲಿನಲ್ಲಿ ಕ್ಯಾನು ಕಟ್ಟಿಕೊಂಡು ಬರುತ್ತಿದ್ದ ಗಟ್ಟಿ ಆಸಾಮಿ. ಯಾಕೆ ಕೊಟ್ಟರು ಎಂದು ಅವನಿಗೂ ತಿಳಿದಿತ್ತು, ಬೀದಿಗೇ ತಿಳಿದಿತ್ತು. ಮರುವರ್ಷ ಉಪ್ಪಿನಕಾಯಿ ಹಾಕುವ ಕಾಲಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತು ಕೇಳಿದ:

“ಅಮ್ಮಾರೇ, ಹೋದ್ವರ್ಸದ್ದು ಭಾಳ ಚೆಂದಾಗಿತ್ತು ಕಣ್ರವ್ವಾ. ತಳ ಕಾಣಗಂಟ ಒಂದ್ ಹುಳ ಬೀಳ್ನಿಲ್ಲ. ಈ ಸಲ ಮೈಲ್ಗೆ ಆಗಿಲ್ವಾ?”

ದೊಡ್ಡಮ್ಮ ಹಾಲಿನ ಪಾತ್ರೆಯನ್ನು ಕುಕ್ಕಿ ಒಳಗೆ ಹೋದರು. ನಾನು ಜಗುಲಿಯಲ್ಲಿ ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತಲಿಲ್ಲ. ಆದರೆ ಮುಖ್ಯವಾದ ಒಂದು ವಿಷಯ ಅವತ್ತು ನನ್ನ ಮಟ್ಟಿಗೆ ಇತ್ಯರ್ಥವಾಯಿತು.

ಈಗ ಹಡಗಿನ ಕಥೆ.

ಆಯುಧಪೂಜೆ ಬಂದಾಗ ನಾವು ಸಮುದ್ರದಲ್ಲಿದ್ದೆವು. ಸಿಬ್ಬಂದಿಯಲ್ಲಿ ಭಾರತೀಯರೇ ಹೆಚ್ಚು, ಹಾಗಾಗಿ ಇಂಜಿನ್ ಕೋಣೆಯಲ್ಲಿ ಪೂಜೆ. ಅದರ ಯಜಮಾನಿಕೆ ಕರಾವಳಿಯ ಒಬ್ಬ ಮೋಟರ್‌ಮ್ಯಾನ್‌ನದು. ಇಂಜಿನಿಗೆ ಎಣ್ಣೆ ಹಾಕುವುದು, ಒರೆಸುವುದು, ಕಾವಲಿರುವುದು ಅವನ ಕೆಲಸ. ಇಡೀ ಹಡಗಿನಲ್ಲಿ ನನ್ನೊಡನೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಬೂದುಗುಂಬಳ ಸಿಗದೆ ಅಡುಗೆಯವನಿಂದ ಒಂದು ಕಲ್ಲಂಗಡಿ ಹಣ್ಣು ಕಾಡಿ ತಂದಿದ್ದ. ಅದಕ್ಕೇ ಕುಂಕುಮ ತುಂಬಿ ಒಡೆಯುವುದೆಂದು ತೀರ್ಮಾನ.

“ಮೇಡಂ, ಬ್ಯಾಟರಿಗಳಿಗೆ ನೀವೇ ಅರಿಶಿನ ಹಚ್ಚಿ. ನಿಮ್ಮ ಕೋಣೆ ಅಲ್ವಾ,” ಅಂದ. ಆಮೇಲೆ ತಟ್ಟೆಯನ್ನು ಅರ್ಧಕ್ಕೆ ಚಾಚಿ, ನೆಲ ನೋಡುತ್ತ, “ಹಚ್ಚಬಹುದಲ್ಲ? ಎಂತ ತೊಂದರೆ ಇಲ್ಲ ಅಲ್ವಾ?” ಎಂದ.

ಅವನು ಏನು ಕೇಳುತ್ತಿದ್ದಾನೆಂದು ನನಗೆ ತಿಳಿಯಿತು. ಅದು ನನ್ನ ಮುಟ್ಟಿನ ಎರಡನೆಯ ದಿನ. ಅದು ಅವನಿಗೆ ಸಂಬಂಧಿಸಿದ ವಿಷಯವಲ್ಲ, ಬ್ಯಾಟರಿಗಂತೂ ಅಲ್ಲವೇ ಅಲ್ಲ.

“ಏನೂ ತೊಂದರೆ ಇಲ್ಲ,” ಎಂದು ತಟ್ಟೆ ತೆಗೆದುಕೊಂಡೆ.

ಆಸಿಡ್ ಕೋಣೆಯಲ್ಲಿ ಅರಿಶಿನ, ಕುಂಕುಮ ಎರಡೂ ಇಟ್ಟೆ. ಮೇಲಿನ ತಂತಿ ಕಟ್ಟುವ ಕಡೆ ಅಲ್ಲ, ಡಬ್ಬಿಯ ಮುಂಭಾಗದಲ್ಲಿ, ಕೆಳಗೆ. ಮೇಲೆ ಒದ್ದೆ ಅರಿಶಿನ ಬಳಿದರೆ ಕರೆಂಟು ಅದರ ಮೇಲೆಯೇ ಹಾದಿ ಮಾಡಿಕೊಂಡು ಸೋರಿಹೋಗುತ್ತದೆ. ಕ್ಷಾರದ ಕೋಣೆಗೆ ಬರುವ ಹೊತ್ತಿಗೆ ಕುಂಕುಮ ತೀರಿತ್ತು. ಕಲ್ಲಂಗಡಿ ಬಹಳ ಕುಡಿದಿತ್ತು. ಅಲ್ಲಿ ಸಾಲಾಗಿ ನಿಂತಿದ್ದ ಸೆಲ್ಲುಗಳಿಗೆ ಬರೀ ಅರಿಶಿನದ ಬೊಟ್ಟಿಟ್ಟು ಬಾಗಿಲು ಹಾಕಿದೆ.

ಮರುದಿನ ಬೆಳಗ್ಗೆ ನೋಡಲು ಹೋದಾಗ ಎಲ್ಲ ಬೊಟ್ಟುಗಳೂ ಹಳದಿಯಾಗಿದ್ದವು. ಮೂಲೆಯ ಕಡೆಯ ಒಂದೇ ಒಂದು ಸೆಲ್ಲಿನದು ಕೆಂಪಾಗಿತ್ತು. ಕುಂಕುಮದ ಕೆಂಪಲ್ಲ. ಗಾಢವಾದ, ಒದ್ದೆಯಾದ ಕೆಂಪು, ಕೆಳಗೆ ಒಂದು ಗೆರೆಯಾಗಿ ಇಳಿದಿತ್ತು.

ಒಂದು ಕ್ಷಣ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಆ ಕ್ಷಣದಲ್ಲಿ ದೊಡ್ಡಮ್ಮ ಗೆದ್ದರು. ಇಂಜಿನಿಯರಿಂಗಿನ ನಾಲ್ಕು ವರ್ಷ ಎಲ್ಲಿಗೋ ಹೋಯಿತು. ಹಿತ್ತಲ ಜಗುಲಿ, ಚಾಪೆ, ಲೋಟ ಅಷ್ಟೇ ಉಳಿದವು. ಆ ಕ್ಷಣವನ್ನು ಮುಚ್ಚಿಟ್ಟು ಬರೆಯಬಹುದಿತ್ತು. ಆದರೆ ಹಾಗೆ ಬರೆದರೆ ಆಮೇಲೆ ನಾನು ಮಾಡಿದ್ದಕ್ಕೆ ತೂಕ ಬರುವುದಿಲ್ಲ.

ನನ್ನ ಹಿಂದೆ ನೀರಿನ ಕ್ಯಾನು ಹಿಡಿದು ಬಂದ ಮೋಟರ್‌ಮ್ಯಾನ್ ಇಣುಕಿ ನೋಡಿದ.

“ಅಯ್ಯೋ ದೇವರೇ! ಅರಿಶಿನ ರಕ್ತ ಆಗಿದೆಯಲ್ಲ ಮಾರಾಯ್ರೆ! ಯಾರೋ ಮುಟ್ಟಬಾರದವರು ಮುಟ್ಟಿದ್ದಾರೆ.”

ಅವನು ಅದನ್ನು ಬಾಯಿಬಿಟ್ಟು ಹೇಳಿದ್ದೇ ಒಳ್ಳೆಯದಾಯಿತು. ಇನ್ನೊಬ್ಬರ ಬಾಯಲ್ಲಿ ಕೇಳಿದಾಗ ಆ ಮಾತು ಎಷ್ಟು ಸುಳ್ಳೆಂದು ತಕ್ಷಣ ತಿಳಿಯಿತು. ಅದರ ಹಿಂದೆಯೇ ಇನ್ನೊಂದು ನೆನಪು ಬಂತು. ಅದೂ ದೊಡ್ಡಮ್ಮನದೇ. ಆರತಿಗೆ ಓಕುಳಿ ನೀರು ಮಾಡುವಾಗ ಅವರು ತಟ್ಟೆಯಲ್ಲಿ ಅರಿಶಿನದ ನೀರಿಟ್ಟು, ಎಲೆಯಡಿಕೆ ಪೆಟ್ಟಿಗೆಯಿಂದ ಉಗುರಿನಷ್ಟು ಸುಣ್ಣ ತೆಗೆದು ಅದರಲ್ಲಿ ಕದಡುತ್ತಿದ್ದರು. ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತಿತ್ತು. ಸುಣ್ಣ ಕ್ಷಾರ. ಈ ಸೆಲ್ಲಿನ ಒಳಗಿರುವುದೂ ಕ್ಷಾರ. ಒಳಗಿದ್ದದ್ದು ಹೊರಗೆ ಬಂದಿದೆ.

“ಮುಟ್ಟಿದ್ದು ನಾನೇ,” ಎಂದೆ. “ಸೋರ್ತಿರೋದು ಅದು.”

ಕೈಗವಸು, ಕನ್ನಡಕ ಹಾಕಿಕೊಂಡು ಟಾರ್ಚು ಬಿಟ್ಟು ನೋಡಿದೆ. ಡಬ್ಬಿಯಲ್ಲಿ ಕೂದಲೆಳೆಯಂಥ ಬಿರುಕು. ಬುಡದ ತೇವಕ್ಕೆ ಹೊಸದಾಗಿ ಚಿಟಿಕೆ ಅರಿಶಿನ ಸೋಕಿಸಿದೆ. ಕೆಂಪಾಯಿತು. ಪಕ್ಕದ ಸೆಲ್ಲಿನ ಮೈಗೆ ನೀರಲ್ಲಿ ಕಲಸಿ ಹಚ್ಚಿದೆ. ಹಳದಿಯಾಗಿಯೇ ಉಳಿಯಿತು. ಮುಚ್ಚಳ ಬಿಚ್ಚಿ ನೋಡಿದರೆ ಒಳಗಿನ ಮಟ್ಟ ಎಷ್ಟೋ ಕೆಳಗಿಳಿದು ತಗಡುಗಳು ಒಣಗಿ ನಿಂತಿದ್ದವು. ಮೋಟರ್‌ಮ್ಯಾನ್ ಬಾಗಿಲಿನಿಂದಲೇ, “ಹಾಗಾದ್ರೆ ದೇವರೇ ತೋರಿಸಿದ್ದು,” ಎಂದ. ಅವನಿಗೆ ಏನಾದರೊಂದು ಬೇಕಿತ್ತು. ಇರಲಿ ಎಂದು ಬಿಟ್ಟೆ.

ಸೆಲ್ಲುಗಳು ಒಂದರ ಹಿಂದೊಂದು ಕೈಹಿಡಿದು ನಿಂತಿರುತ್ತವೆ. ನಡುವೆ ಒಂದು ಕೈಬಿಟ್ಟರೆ ಸಾಲೇ ಹೋಗುತ್ತದೆ. ನಾನು ನೇರ ಚೀಫ್ ಬಳಿ ಹೋದೆ.

ಚೀಫ್ ಉತ್ತರದ ಕಡೆಯವರು. ಮಾತು ಹಿಂದಿಯಲ್ಲಿ ನಡೆಯಿತು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಖುಷಿಯಲ್ಲಿದ್ದರೆ ನನ್ನನ್ನು ಬೇಟಾ ಎನ್ನುತ್ತಿದ್ದರು, ಸಿಟ್ಟು ಬಂದರೆ ಮಿಸ್. ಮರುದಿನ ಬಂದರಿನಲ್ಲಿ ತಪಾಸಣೆಯವರು ಹತ್ತುವವರಿದ್ದರು. ಕಂಟ್ರೋಲ್ ರೂಮಿನಲ್ಲಿ ಇತರ ಇಂಜಿನಿಯರುಗಳೂ ಸೇರಿದ್ದರು.

“ವೋಲ್ಟೇಜ್ ಎಷ್ಟಿದೆ?” ಎಂದು ಕೇಳಿದರು.

“ಸರಿಯಾಗಿದೆ, ಸರ್. ಚಾರ್ಜರ್ ಹಾಕಿದೆ, ಅದಕ್ಕೆ.”

“ಸರಿಯಾಗಿದೆ ಅಂದಮೇಲೆ ಮತ್ತೇನು? ತೊಂದರೆ ಇದೆ ಅಂತ ಹೇಳಿದ್ದು ಯಾರು?”

“ಅರಿಶಿನ.”

ಇಡೀ ಕೋಣೆ ನಕ್ಕಿತು. ನಗಲಿ ಎಂದು ಕಾದೆ.

“ಇಷ್ಟು ವರ್ಷದಲ್ಲಿ ಅರಿಶಿನ ನೋಡಿ ಬ್ಯಾಟರಿ ಪರೀಕ್ಷೆ ಮಾಡೋ ಎಲೆಕ್ಟ್ರಿಕಲ್ ಆಫೀಸರನ್ನ ನಾನು ಕಂಡಿಲ್ಲ,” ಎಂದರು ಚೀಫ್. “ಚಾರ್ಜ್ ಮಾಡೋಕೂ ಪಂಚಾಂಗ ನೋಡ್ತೀಯಾ, ಪಂಡಿತಾಣಿ?”

“ಬಿರುಕು ಕಣ್ಣಿಗೆ ಕಾಣುತ್ತೆ ಸರ್. ಬಂದು ನೋಡಿ.”

ಅವರ ನಗು ತೆಳುವಾಯಿತು. “ನೋಡು ಮಿಸ್, ಬಂದರಿನಲ್ಲಿ ಹೊಸ ಸೆಲ್ ತರಿಸೋಣ. ಈಗ ಅದಕ್ಕೆ ನೀರು ಹಾಕಿ ಮಟ್ಟ ಸರಿಮಾಡು, ಒರೆಸು. ಎಲ್ಲ ಸರಿಯಾಗಿದೆ ಅಂತ ಬರೆ. ಮುಗೀತು.”

“ನೀರು ಹಾಕೋಕೆ ಕ್ಷಾರದ ಕೋಣೆಯ ಜಗ್ ಒಡೆದಿದೆ. ಹೊಸದು ಕೇಳಿ ಬಹಳ ದಿನ ಆಯ್ತು.”

“ಆಸಿಡ್ ಕೋಣೆಯಲ್ಲಿ ಒಂದು ಇದೆಯಲ್ಲ, ಅದನ್ನ ತಗೋ.”

“ಆ ಕೋಣೆಯ ಜಗ್ ಈ ಕೋಣೆಗೆ ಬರಲ್ಲ.”

“ತೊಳೆದುಕೋ.”

“ತೊಳೆದರೂ ಬರಲ್ಲ.”

ಹೇಳಿದ ಮೇಲೆ ಆ ದನಿ ಯಾರದೆಂದು ಗುರುತಾಯಿತು. ಬೇಲೂರಿನ ಆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಸೊಂಟಕ್ಕೆ ಕೈಯಿಟ್ಟು, ನನ್ನ ಕೈಯಲ್ಲಿದ್ದ ಚೊಂಬನ್ನು ನೋಡಿ ದೊಡ್ಡಮ್ಮ ಹೇಳುತ್ತಿದ್ದದ್ದು ಇದೇ ಮಾತು, ಇದೇ ರಾಗ. ನನಗೆ ಕಸಿವಿಸಿಯಾಯಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನನ್ನ ಮಾತಿಗೂ ಅವರ ಮಾತಿಗೂ ವ್ಯತ್ಯಾಸವಿದೆ. ತೊಳೆದ ಜಗ್ಗಿನಲ್ಲಿ ಆಸಿಡ್ ಉಳಿದಿದೆಯೋ ಇಲ್ಲವೋ ಪರೀಕ್ಷಿಸಬಹುದು. ಅಲ್ಲದೆ ಆ ನಿಯಮಕ್ಕೆ ಜಗ್ ಹಿಡಿದವರು ಯಾರು, ಅವತ್ತು ಅವರ ಎಷ್ಟನೆಯ ದಿನ ಎಂಬುದು ಬೇಕಾಗಿಲ್ಲ. ಬ್ಯಾಟರಿಗೆ ನನ್ನ ತಿಂಗಳ ಲೆಕ್ಕ ಗೊತ್ತಿಲ್ಲ.

“ಸರಿಯಾಗಿದೆ ಅಂತ ನಾನು ಬರೆಯಲ್ಲ ಸರ್,” ಎಂದೆ. “ಬರೆಯಲೇಬೇಕು ಅಂದರೆ ನೀವು ಬರೆದು ನಿಮ್ಮ ಹೆಸರು ಹಾಕಿ. ಕತ್ತಲಾದಾಗ ಜನ ದೋಣಿಯ ಕಡೆ ಓಡೋದು ಆ ದೀಪದ ಬೆಳಕಲ್ಲಿ.”

ಈಗ ಯಾರೂ ನಗಲಿಲ್ಲ. ಚೀಫ್ ತಮ್ಮ ಕೈಕೆಳಗಿನವರನ್ನೆಲ್ಲ ಒಮ್ಮೆ ನೋಡಿದರು. ನಾನು ಅದನ್ನು ಅವರೊಬ್ಬರೇ ಇರುವಾಗ ಹೇಳಬೇಕಿತ್ತು ಎಂದು ಆಮೇಲೆ ಕೆಲವರು ಬುದ್ಧಿ ಹೇಳಿದರು. ಅವರು ಪಂಡಿತಾಣಿ ಎಂದದ್ದು ನಾನೊಬ್ಬಳೇ ಇರುವಾಗ ಅಲ್ಲವಲ್ಲ.

“ಹಾಗಾದರೆ ಪರೀಕ್ಷೆ ಮಾಡೋಣ,” ಎಂದರು. “ದೀಪ ಉರಿದರೆ ಇಲ್ಲೇ, ಇವರೆಲ್ಲರ ಮುಂದೆ, ಕ್ಷಮೆ ಕೇಳಬೇಕು.”

“ಸರಿ.”

ಮಧ್ಯಾಹ್ನ ಹಡಗು ಬಂದರಿನ ಹೊರಗೆ ಲಂಗರು ಹಾಕಿದ ಮೇಲೆ ಪರೀಕ್ಷೆ. ಕ್ಯಾಬಿನ್ನುಗಳ ನಡುವಿನ ಓಣಿಗೆ ಕಿಟಕಿಗಳಿಲ್ಲ. ಹಗಲಿನಲ್ಲೂ ದೀಪ ಬೇಕು. ನಾನು ಚಾರ್ಜರು ಬಿಡಿಸಿದೆ. ಮಾಮೂಲಿ ದೀಪಗಳನ್ನು ಆರಿಸಿದೆವು. ತುರ್ತು ದೀಪಗಳು ಪಕ್ಕನೆ ಹತ್ತಿಕೊಂಡವು. ಚೀಫ್ ಚಹಾದ ಲೋಟ ಹಿಡಿದು ಗೋಡೆಗೆ ಒರಗಿದ್ದರು.

“ನೋಡಿದೆಯಾ, ಮಿಸ್? ಹತ್ತಿತು.”

“ಹತ್ತೋದಲ್ಲ ಸರ್ ಪರೀಕ್ಷೆ. ಅರ್ಧ ಗಂಟೆ ಉರಿಯೋದು.”

ಅವರ ಚಹಾ ಮುಗಿಯಲಿಲ್ಲ. ದೀಪಗಳು ಮೊದಲು ಮಂಕಾದವು, ಆಮೇಲೆ ಎಣ್ಣೆ ತೀರಿದ ಹಣತೆಯ ಹಾಗೆ ಕೆಂಪಗಾದವು, ಆಮೇಲೆ ಇಲ್ಲವಾದವು. ಎಂಥ ಕತ್ತಲೆಂದರೆ ನನ್ನ ಕೈ ನನಗೆ ಕಾಣುತ್ತಿರಲಿಲ್ಲ. ಎಲ್ಲೋ ಹಿಂದಿನಿಂದ ಮೋಟರ್‌ಮ್ಯಾನ್, “ಇದು ನಡುನೀರಲ್ಲಿ ಆಗಿದ್ದರೆ ಎಂತ ಕತೆ, ಮಾರಾಯ್ರೆ,” ಎಂದ. ಚೀಫ್ ಲೋಟವನ್ನು ನೆಲಕ್ಕಿಟ್ಟ ಸದ್ದು ಕೇಳಿಸಿತು.

“ಆ ಸೆಲ್ ಬಿಡಿಸು,” ಎಂದರು. ಬೇಟಾ ಎನ್ನಲಿಲ್ಲ, ಮಿಸ್ ಎನ್ನಲೂ ಇಲ್ಲ.

ಬಿಡಿಸಿದೆ. ಅದರ ಆಚೀಚಿನ ಸೆಲ್ಲುಗಳನ್ನು ಉದ್ದನೆಯ ತಾಮ್ರದ ಪಟ್ಟಿಯಿಂದ ಜೋಡಿಸಿ, ಒಂದು ಸೆಲ್ ಕಡಿಮೆಯಾದುದಕ್ಕೆ ತಕ್ಕಂತೆ ಚಾರ್ಜರನ್ನು ತಗ್ಗಿಸಿದೆ. ಪೂರ್ತಿ ಚಾರ್ಜ್ ಆದ ಮೇಲೆ ಮತ್ತೆ ಪರೀಕ್ಷೆ. ದೀಪಗಳು ಅರ್ಧ ಗಂಟೆ ದಾಟಿಯೂ ಉರಿದವು. ಮರುದಿನ ತಪಾಸಣೆಗೆ ಬಂದವರಿಗೆ ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರು ತಲೆಯಾಡಿಸಿ, ಹೊಸ ಸೆಲ್ ಬೇಗ ಹಾಕಿಸಿ ಎಂದು ಹೇಳಿ ಮುಂದಿನ ಕೋಣೆಗೆ ಹೋದರು. ಅಷ್ಟಕ್ಕೇ ಆ ಎಲ್ಲ ಗದ್ದಲ.

ಪ್ರಯಾಣ ಮುಗಿದು ನಾನು ಇಳಿಯುವ ದಿನ ಚೀಫ್ ಮೆಟ್ಟಿಲಿನವರೆಗೂ ಬಂದಿದ್ದರು. ವರದಿಯನ್ನು ಅವರೇ ಕೈಗೆ ಕೊಟ್ಟರು. ನಾನು ಅಲ್ಲೇ ಓದಿದೆ.

“ಅವತ್ತು ನೀನು ಹೇಳಿದ್ದು ಸರಿ ಇತ್ತು,” ಎಂದರು. “ಈಗ ನಾನು ಬರೆದಿರೋದೂ ಸರಿ.”

ಬಹುಶಃ ಅವರು ಹೇಳಿದ್ದು ನಿಜವೇ.

ಊರಿಗೆ ಬಂದು ಕೆಲವು ವಾರಗಳಾಗಿದ್ದವು. ಫೋನು ಸುಮ್ಮನಿತ್ತು. ಅಪ್ಪ ಪೇಪರಿನ ಹಿಂದಿನಿಂದ, ಇಲ್ಲೇ ಹಾಸನದ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಖಾಲಿ ಇದೆಯೆಂದು ಗೋಡೆಗೆ ಹೇಳುವವರಂತೆ ಹೇಳುತ್ತಿದ್ದರು. ಅಷ್ಟರಲ್ಲಿ ಬೇಲೂರಿನಿಂದ ಕರೆ ಬಂತು. ದೊಡ್ಡಮ್ಮನ ಮಗಳ ಮಗುವಿಗೆ ನಾಮಕರಣ. ಹೊರಡುವ ದಿನ ಬೆಳಗ್ಗೆಯೇ ನನಗೆ ಮುಟ್ಟಾಯಿತು. ಅಮ್ಮನಿಗೆ ಹೇಳಿದೆ.

“ಸುಮ್ನಿರೇ, ಯಾರಿಗೆ ಗೊತ್ತಾಗತ್ತೆ? ಹೇಳ್ಬೇಡ,” ಅಂದರು ಅಮ್ಮ. ನಮ್ಮ ಮನೆಯಲ್ಲಿ ಇದಕ್ಕೆ ಹಿಂದಿನಿಂದಲೂ ಇದೇ ಪರಿಹಾರ.

ಜಾವಗಲ್ ಮೇಲೆ ಹೋಗುವ ಬಸ್ಸು. ಪಕ್ಕದಲ್ಲಿ ತೆಂಗಿನಕಾಯಿಯ ಚೀಲ ಕಾಲ ಮೇಲೆ ಇಟ್ಟುಕೊಂಡು ಕೂತಿದ್ದ ಗಂಡಸಿ ಕಡೆಯ ಅಜ್ಜಿ, ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದರು. ಹಡಗಿನಲ್ಲಿ ಕರೆಂಟು, ಬ್ಯಾಟರಿ ನೋಡಿಕೊಳ್ಳುತ್ತೇನೆ ಎಂದೆ.

“ಹಡಗಿಗೂ ಬ್ಯಾಟ್ರಿ ಐತಾ? ನಮ್ ಟ್ಯಾಕ್ಟ್ರು ಬ್ಯಾಟ್ರಿ ಡೌನಾದ್ರೆ ನಾಲ್ಕ್ ಜನ ಸೇರ್ಕಂಡು ತಳ್ತಾರೆ ಕಣವ್ವ. ನಿಮ್ ಹಡಗ ಯಾರು ತಳ್ಳೋರು?”

“ತಳ್ಳೋಕೆ ಯಾರೂ ಇಲ್ಲ ಅಂತಲೇ ನನ್ನ ಇಟ್ಕೊಂಡಿದಾರೆ, ಅಜ್ಜಿ.”

ಅಜ್ಜಿ ಹಳೇಬೀಡಿನಲ್ಲಿ ಇಳಿಯುವತನಕ ನಗುತ್ತಿದ್ದರು. ಇಳಿದ ಮೇಲೆ ಕಿಟಕಿ ತಟ್ಟಿ, “ಉಸಾರಾಗಿ ಇಟ್ಕೊಂಡಿರವ್ವ ಬ್ಯಾಟ್ರಿಯ,” ಎಂದರು. ಇಟ್ಟುಕೊಂಡಿರಲು ಕಂಪನಿಯವರು ಬಿಟ್ಟರೆ ತಾನೇ ಎಂದುಕೊಂಡೆ.

ದೊಡ್ಡಮ್ಮನ ಮನೆಯಲ್ಲಿ ನನ್ನನ್ನು ಯಾರೂ ಏನೂ ಕೇಳಲಿಲ್ಲ. ಹೂ ಬಿಡಿಸಿಕೊಟ್ಟೆ, ಎಲೆ ಒರೆಸಿದೆ, ಮಗುವನ್ನು ಎತ್ತಿಕೊಂಡೆ. ಹಿತ್ತಲ ಜಗುಲಿಯಲ್ಲಿ ದೊಡ್ಡಮ್ಮ ಆರತಿಗೆ ಓಕುಳಿ ಕಲಸಲು ಕೂತಾಗ ಅವರ ಪಕ್ಕದಲ್ಲೇ ಕೂತಿದ್ದೆ. ಹಿಂದೆ ನನ್ನ ಚಾಪೆ ಹಾಸುತ್ತಿದ್ದ ಜಾಗ ಅದು. ಫೋನು ಬಂದದ್ದು ಆಗ.

ಕಂಪನಿಯ ಆಫೀಸಿನಿಂದ. ನನ್ನನ್ನು ಮತ್ತೆ ಕಳಿಸುವ ಬಗ್ಗೆ ನೋಡುತ್ತಿದ್ದಾರಂತೆ. ಆದರೆ ಆ ವರದಿ ಅಡ್ಡ ಬರುತ್ತಿದೆಯಂತೆ. ನಾನು ಚೀಫ್‌ಗೆ ಎರಡು ಸಾಲಿನ ಮೈಲ್ ಬರೆದು, ಅವತ್ತು ಆಜ್ಞೆ ಮೀರಿದ್ದಕ್ಕೆ ಕ್ಷಮೆ ಕೇಳಿದರೆ ಎಲ್ಲ ಸುಲಭವಾಗುತ್ತದಂತೆ. ಮಾತಾಡುತ್ತಿದ್ದವರು ಒಳ್ಳೆಯವರೇ, ನನ್ನ ಒಳಿತಿಗೇ ಹೇಳುತ್ತಿದ್ದರು.

“ಬರೆಯಲ್ಲ ಸರ್,” ಎಂದೆ. “ಕಳಿಸೋದಾದರೆ ಹೀಗೇ ಕಳಿಸಿ. ಆ ಕೋಣೆಗೆ ಹೊಸ ಜಗ್ ತಂದರಾ ಅಂತ ಮಾತ್ರ ಯಾರಾದರೂ ವಿಚಾರಿಸಿ.”

ಅವರು ನಿಟ್ಟುಸಿರಿಟ್ಟು, ನೋಡೋಣ ಎಂದು ಫೋನಿಟ್ಟರು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ ಅಮ್ಮನ ಮುಖ ಸಣ್ಣದಾಗಿತ್ತು.

“ಒಂದ್ಸಲ ತಪ್ಪಾಯ್ತು ಅಂದ್ರೆ ನಾಲಿಗೆ ಸವೆಯತ್ತೇನೇ?” ಎಂದರು ದೊಡ್ಡಮ್ಮ.

“ತಪ್ಪಾಗಿಲ್ವಲ್ಲ ದೊಡ್ಡಮ್ಮ.”

“ಅಂಥದ್ದೇನು ನಡೀತು?”

ಹೇಳಿದೆ. ಎರಡು ಕೋಣೆ, ಎರಡು ಥರದ ನೀರು, ಒಂದರ ಹನಿ ಇನ್ನೊಂದಕ್ಕೆ ಸೋಕಬಾರದು, ಒಡೆದ ಜಗ್, ತೊಳೆದುಕೋ ಎಂದ ಚೀಫ್. ದೊಡ್ಡಮ್ಮನ ಕೈ ತಟ್ಟೆಯಲ್ಲೇ ನಿಂತಿತು. ಅವರ ಕಣ್ಣಲ್ಲಿ ನಿಜವಾದ ಆಘಾತ.

“ತೊಳೆದ್ರೆ ಹೋಗತ್ತಾ ಅದು? ಯಾವ ಮನೆಯೋನೇ ಅವನು? ಅಷ್ಟೂ ತಿಳಿಯಲ್ವಾ? ನೀನು ಮಾಡಿದ್ದೇ ಸರಿ ಕಣೇ. ಒಂದಕ್ಷರ ಬರೀಬೇಡ ಅವನಿಗೆ!”

ಅಮ್ಮನಿಗೆ ನಗು ತಡೆಯಲಾಗಲಿಲ್ಲ. ನನಗೂ ಅಲ್ಲಿಗೇ ನಿಲ್ಲಿಸುವ ಆಸೆಯಾಯಿತು. ದೊಡ್ಡಮ್ಮ ನನ್ನ ಪಕ್ಷಕ್ಕೆ ಬಂದದ್ದು ಅದೇ ಮೊದಲು. ಸುಮ್ಮನಿದ್ದರೆ ಆ ದಿನ ಎಲ್ಲರಿಗೂ ಸುಖವಾಗಿ ಕಳೆಯುತ್ತಿತ್ತು. ಆದರೆ ಅವರು ನನ್ನನ್ನು ಮೆಚ್ಚಿದ್ದು ನನ್ನದಲ್ಲದ ಕಾರಣಕ್ಕೆ. ಮಾಡದ ತಪ್ಪಿಗೆ ಕ್ಷಮೆ ಕೇಳುವುದಿಲ್ಲ ಎಂದು ಈಗಷ್ಟೇ ಹೇಳಿದ ಬಾಯಲ್ಲಿ, ಹೇಳಬೇಕಾದ ಇನ್ನೊಂದು ಮಾತನ್ನು ನುಂಗುವುದು ಹೇಗೆ?

“ಅಲ್ಲಿ ಕೆಡಿಸೋದು ಆಸಿಡ್, ದೊಡ್ಡಮ್ಮ. ಜಗ್ ಹಿಡಿದವಳಲ್ಲ,” ಎಂದೆ. “ಪೂಜೆ ದಿನ ಆ ಬ್ಯಾಟರಿಗೆಲ್ಲ ಅರಿಶಿನ ಇಟ್ಟಾಗ ನನಗೆ ಎರಡನೇ ದಿನ. ಇವತ್ತು ಮೊದಲನೇ ದಿನ. ಬೆಳಗ್ಗೆಯಿಂದ ನಿಮ್ಮ ಪಕ್ಕದಲ್ಲೇ ಇದೀನಿ.”

ಅಮ್ಮ ಕಣ್ಣು ಮುಚ್ಚಿಕೊಂಡರು. ದೊಡ್ಡಮ್ಮ ತಟ್ಟೆಯನ್ನು ನೋಡಿದರು, ನನ್ನನ್ನು ನೋಡಿದರು. ಆಗಷ್ಟೇ ಸುಣ್ಣ ಬಿದ್ದ ನೀರು ಕೆಂಪಾಗಿ ನಿಂತಿತ್ತು. ಅವರು ಎದ್ದು ಅದನ್ನು ತುಳಸಿಕಟ್ಟೆಯಿಂದ ದೂರ, ಬಾಳೆಯ ಬುಡಕ್ಕೆ ಚೆಲ್ಲಿದರು.

“ಚೆಲ್ಲಿ,” ಎಂದೆ. “ಹೊಸದಾಗಿ ಕಲಸಿ. ಅದೂ ಕೆಂಪಾಗತ್ತೆ.”

“ಬಾಯಿ ಕಲ್ತಿದೀಯ,” ಎಂದರು. ತಟ್ಟೆ ತೊಳೆದು ತಂದು ಮತ್ತೆ ಅರಿಶಿನ, ಮತ್ತೆ ಸುಣ್ಣ. ಅದೂ ಕೆಂಪಾಯಿತು. ನಾನು ಅಲ್ಲಿಂದ ಏಳಲಿಲ್ಲ. ಅವರು ಏಳು ಎನ್ನಲಿಲ್ಲ. ಅವರು ಒಪ್ಪಿದರೆಂದು ನಾನು ಹೇಳುತ್ತಿಲ್ಲ. ಆರತಿಗೆ ನನ್ನನ್ನು ಕರೆಯಲಿಲ್ಲ, ಅಡುಗೆಮನೆಯ ಬಾಗಿಲನ್ನು ಅರ್ಧ ಮುಂದೆ ಮಾಡಿದರು. ಊಟಕ್ಕೆ ಮಾತ್ರ ನಾನು ಎಲ್ಲರ ಸಾಲಿನಲ್ಲೇ ಕೂತೆ. ಬಡಿಸುತ್ತ ಬಂದ ದೊಡ್ಡಮ್ಮ ನನ್ನ ಎಲೆಯ ಮುಂದೆ ಒಂದು ಗಳಿಗೆ ನಿಂತರು. ಆಮೇಲೆ ಬಗ್ಗಿ ತುಪ್ಪ ಹಾಕಿದರು. ಒಂದೇ ಚಮಚ, ಎಲ್ಲರಿಗೂ ಹಾಕಿದಷ್ಟೇ.

ಆಫೀಸಿನವರು ಮತ್ತೆ ಫೋನು ಮಾಡಿದಾಗ ನಾನು ಅರಸೀಕೆರೆಯಲ್ಲಿದ್ದೆ. ಮೈಲಿನ ವಿಷಯ ಎತ್ತಲಿಲ್ಲ. ಅದೇ ಹಳೆಯ ಹಡಗಂತೆ, ಚೀಫ್ ಬೇರೆಯವರಂತೆ.

“ಅದಕ್ಕೆ ಹೋಗೋಕೆ ಬೇರೆ ಯಾರೂ ಒಪ್ತಿಲ್ಲ,” ಎಂದರು, ಮುಚ್ಚುಮರೆ ಇಲ್ಲದೆ. “ಬ್ಯಾಟರಿ ಕಾಟ ಜಾಸ್ತಿ ಅಂತಾರೆ. ನೀವು ಹೋಗ್ತೀರಾ?”

“ಹೋಗ್ತೀನಿ. ಜಗ್ ಬಂತಾ?”

“ಅದು ಗೊತ್ತಿಲ್ಲ.”

ಸಂಜೆ ಪೇಟೆಗೆ ಹೋಗಿ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯಲ್ಲಿ ಮೂತಿಯಿರುವ ಜಗ್‌ಗಳನ್ನು ನೋಡಿದೆ. ಅಂಗಡಿಯವರು ಒಂದನ್ನು ಒರೆಸಿ ಕೊಟ್ಟರು. ಅಂಥದ್ದೇ ಇನ್ನೊಂದು ಬೇಕೆಂದೆ, ಬೇರೆ ಬಣ್ಣದ್ದು.

“ಒಂದೇ ಅಳತೇವು ಎರಡೆರಡು ಯಾಕಮ್ಮ?” ಎಂದರು. “ಒಂದು ತಗೊಳ್ಳಿ, ತೊಳ್ಕೊಂಡು ತೊಳ್ಕೊಂಡು ಬಳಸಿದ್ರೆ ಸಾಲಲ್ವಾ?”

“ಸಾಲಲ್ಲ,” ಎಂದೆ.